ಹಿತ್ತಲಿನ ಕನ್ನಡಿ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಕ್ಷೌರದಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕತ್ತರಿಯ ತಾಳಕ್ಕೆ ಶಿಳ್ಳೆ ಹಾಕುತ್ತಿದ್ದುದರಿಂದ ಅವನು ಶಿಳ್ಳೆ, ಅವನದು ಶಿಳ್ಳೆ ಅಂಗಡಿ. ಮಾತು ಮಾತ್ರ ಅಷ್ಟಕ್ಕಷ್ಟೆ. ಕ್ಷೌರಿಕನೊಬ್ಬ ಬಾಯಿ ಬಿಡುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೂ ನಿಜ. ಊರಿನ ಸುದ್ದಿಯೆಲ್ಲ ಅವನ ಕಿವಿಯೊಳಗೆ ಹೋಗುತ್ತಿತ್ತು, ಬಾಯಿಂದ ಬರೀ ಗಾಳಿ ಬರುತ್ತಿತ್ತು. ಗುಟ್ಟು ಇದ್ದವರು ಅವನ ಕುರ್ಚಿಯೇ ಬೇಕೆಂದು ಕಾದು ಕೂರುತ್ತಿದ್ದರು.

ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ, ಗಿರಾಕಿಯೊಬ್ಬನ ಅರ್ಧ ಗಡ್ಡ ಹೆರೆದು ಇನ್ನರ್ಧಕ್ಕೆ ಕತ್ತಿ ಎತ್ತುವ ಹೊತ್ತಿಗೆ ಅವನ ಬಲಗೈ ಜೋತುಬಿತ್ತು. ಬಾಯಿ ಸೊಟ್ಟಗಾಯಿತು. ಲಕ್ವ. ಆ ಅರ್ಧ ಗಡ್ಡದವನೇ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಜೀವ ಉಳಿಯಿತು. ಬಲಭಾಗವೂ ಮಾತೂ ಉಳಿಯಲಿಲ್ಲ.

ಅವನ ಹೆಂಡತಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು, ಬೀದಿಗೆಲ್ಲ ಹೊಲಿಗೆಯಕ್ಕ. ಒಂದು ವರ್ಷದೊಳಗೆ ಏನೇನು ವಾಪಸ್ಸು ಬರುತ್ತದೋ ಅಷ್ಟು ಬಂತು ಎಂದುಕೊಳ್ಳಿ, ಆಮೇಲೆ ಬರುವುದು ಕಷ್ಟ ಎಂದು ಡಾಕ್ಟರು ಅವಳಿಗೆ ಹೇಳಿದರು. ಅಷ್ಟು ಹೇಳಿ ಅವರು ಮುಂದಿನ ರೋಗಿಯ ಕಡೆ ತಿರುಗಿದರು. ಅವಳಿಗೆ ಮಾತ್ರ ಅಂದಿನಿಂದ ಮಷೀನಿನ ಚಕ್ರ ತಿರುಗಿದಾಗಲೆಲ್ಲ ಆ ಒಂದು ವರ್ಷವೇ ತಿರುಗಿದಂತೆ ಕೇಳಿಸತೊಡಗಿತು.

ಅಂಗಡಿ ಬಿಟ್ಟುಕೊಟ್ಟದ್ದಾಯಿತು. ಅಲ್ಲೇ ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಅವನ ತಮ್ಮ ಪೇಟೆಯ ದೊಡ್ಡ ಸಲೂನು ಸೇರಿದ. ಮನೆಗೆ ಬಂದದ್ದು ಆಳೆತ್ತರದ ಎರಡು ಕನ್ನಡಿಗಳು, ಮತ್ತೆ ಅವಳೇ ಅಂಚು ಹೊಲಿದುಕೊಟ್ಟಿದ್ದ ಒಂದು ರಾಶಿ ದಪ್ಪ ಬಟ್ಟೆಗಳು. ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಕನ್ನಡಿಗಳ ಮೇಲೆ ಹೊದಿಸಲು ಅವನು ಹೊಲಿಸಿಕೊಂಡಿದ್ದ ಬಟ್ಟೆಗಳವು. ಧೂಳಿಗಿರಬೇಕೆಂದುಕೊಂಡು ಅವಳೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಈಗ ಅವು ಊಟ ಮಾಡಿಸುವಾಗ ಅವನ ಎದೆಯ ಮೇಲೆ ಹಾಸಲು ಒದಗಿದವು.

ಅವನನ್ನು ಮಲಗಿಸಿದ ಕೋಣೆ ಎಷ್ಟು ಇಕ್ಕಟ್ಟೆಂದರೆ ಮಂಚ ಒಂದೇ ದಿಕ್ಕಿಗೆ ಹಿಡಿಸುತ್ತಿತ್ತು. ತಿರುಗಿಸಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಹಿತ್ತಲಿನ ಕಿಟಕಿ ಅವನ ತಲೆಯ ಹಿಂದೆ, ಕಣ್ಣೆದುರಿಗೆ ಬೋಳು ಗೋಡೆ. ಚಳಿಗಾಲ ಶುರುವಾಗುವ ಹೊತ್ತಿಗೆ ಅವನು ಆ ಗೋಡೆಯನ್ನು ನೋಡುವುದನ್ನೂ ಬಿಟ್ಟು ಕಣ್ಣು ಮುಚ್ಚಿಕೊಂಡೇ ಇರತೊಡಗಿದ. ಅವಳಿಗೆ ಹೆದರಿಕೆಯಾಯಿತು. ಒಂದು ಕನ್ನಡಿಯನ್ನು ಒಬ್ಬಳೇ ಎಳೆದು ತಂದು ಆ ಗೋಡೆಗೆ ಆನಿಸಿ ನಿಲ್ಲಿಸಿದಳು.

“ಕಣ್ಣು ಬಿಟ್ಟು ನೋಡ್ರೀ,” ಅಂದಳು. “ಹಿತ್ತಿಲು ಒಳಗೇ ಬಂದಿದೆ.”

ಬಿಟ್ಟ. ಕನ್ನಡಿಯಲ್ಲಿ ಬಟ್ಟೆ ಒಗೆಯುವ ಕಲ್ಲು, ಸೀಬೆ ಮರದ ಬುಡ, ನಲ್ಲಿಯ ಕೆಳಗಿನ ಕೆಸರು. ಆ ಕೆಸರಿನಲ್ಲಿ ಸ್ನಾನ ಮಾಡಿ ಇನ್ನಷ್ಟು ಕೊಳೆಯಾಗುತ್ತಿದ್ದ ಗುಬ್ಬಿಗಳು. ಅವತ್ತಿಂದ ಹೊಲಿಗೆಯಕ್ಕ ಬೆಳಗಾದರೆ ಗಂಡನಿಗಿಂತ ಮೊದಲು ಹಕ್ಕಿಗಳಿಗೆ ಊಟ ಹಾಕುವವಳಾದಳು. ಅಕ್ಕಿ ನುಚ್ಚು, ರೊಟ್ಟಿ ಚೂರು, ಒಡೆದ ಮಡಕೆಯಲ್ಲಿ ನೀರು. ಬಂದವರಿಗೆಲ್ಲ ಒಂದೊಂದು ಹೆಸರಿಟ್ಟಳು. ತಿಂದದ್ದಕ್ಕಿಂತ ಬಚ್ಚಿಟ್ಟದ್ದೇ ಹೆಚ್ಚಾದ ಅಳಿಲು ಜಿಪುಣ. ಯಾವಾಗಲೂ ಜಗಳವಾಡುತ್ತಲೇ ಜೊತೆಗಿರುತ್ತಿದ್ದ ಮೈನಾ ಜೋಡಿ ನಾದಿನಿ–ಅತ್ತಿಗೆ. ಗೋಡೆಯ ಮೇಲೆ ಕೂತು ಎಲ್ಲರ ಮೇಲೂ ಕಣ್ಣಿಡುತ್ತಿದ್ದ ಕಾಗೆ ಮನೆ ಮಾಲೀಕ. ಇದನ್ನೆಲ್ಲ ಅವಳು ಮಷೀನು ತುಳಿಯುತ್ತಲೇ ಅವನಿಗೆ ವರದಿ ಮಾಡುತ್ತಿದ್ದಳು. ಅವನ ಬಾಯಿಯ ಎಡತುದಿ ಒಮ್ಮೊಮ್ಮೆ ಅಲುಗುತ್ತಿತ್ತು. ಅದು ನಗುವೆಂದು ಅವಳ ತೀರ್ಮಾನ.

ಚಳಿ ಮುಗಿದು ಬಿಸಿಲು ಏರತೊಡಗಿದಾಗ ಕಪ್ಪು ಬಿಳುಪಿನ ಒಂದು ಗಂಡು ಹಕ್ಕಿ ಬಂತು. ಒಂದು ಹಿಡಿಯಷ್ಟಿದ್ದರೂ ಬಾಲ ನೆಟ್ಟಗೆತ್ತಿ, ಎದೆ ಉಬ್ಬಿಸಿ ಹಿತ್ತಲಿನ ಉದ್ದಗಲಕ್ಕೂ ಗಸ್ತು ತಿರುಗುತ್ತಿತ್ತು. ಅದಕ್ಕೆ ಇನ್ಸ್‌ಪೆಕ್ಟರ್ ಎಂದಲ್ಲದೆ ಬೇರೇನು ಹೆಸರಿಡಲು ಸಾಧ್ಯ? ಬೆಳಗಿನ ಜಾವ ಗೋಡೆಯ ಮೂಲೆಯಲ್ಲಿ ಕೂತು ಹಾಡಲು ಶುರುಮಾಡಿದರೆ ಬೀದಿಯ ನಾಯಿಗಳೂ ಸುಮ್ಮನಾಗುತ್ತಿದ್ದವು.

ಒಂದು ದಿನ ಹಕ್ಕಿ ಹಾಡಿ ನಿಲ್ಲಿಸಿದ ಮೇಲೂ ಹಾಡಿನ ಚೂರೊಂದು ಮುಂದುವರಿಯಿತು. ಹೊಲಿಗೆಯಕ್ಕ ಮಷೀನು ನಿಲ್ಲಿಸಿದಳು. ಮಂಚದಿಂದ ಬರುತ್ತಿತ್ತು. ಸೊಟ್ಟ ಬಾಯಿಯ ಒಂದು ಮೂಲೆಯಿಂದ, ಸೋರುವ ಗಾಳಿಯ ಹಾಗೆ ತೆಳ್ಳಗೆ, ಆದರೂ ಶಿಳ್ಳೆಯೇ. ಹೊರಗಿನಿಂದ ಇನ್ಸ್‌ಪೆಕ್ಟರ್ ಉತ್ತರ ಕೊಟ್ಟ. ಅವಳು ಕೈಯಲ್ಲಿದ್ದ ಅಂಗಿಯನ್ನು ಮುಖಕ್ಕೊತ್ತಿಕೊಂಡು ಅತ್ತಳು. ಆಗ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಶಿಳ್ಳೆ ಬಂದ ಬಾಯಿಗೆ ಮಾತು ಬರುವುದು ಯಾವ ದೊಡ್ಡ ವಿಷಯ?

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆಸೆಗೆ ಸಾಕು ಎನ್ನುವ ಪದ ಗೊತ್ತಿಲ್ಲ. ಇನ್ಸ್‌ಪೆಕ್ಟರ್ ಹಾಡುವ ಮೂಲೆ ಕೋಣೆಯ ಕನ್ನಡಿಗೆ ನಿಲುಕುತ್ತಿರಲಿಲ್ಲ. ಸದ್ದಿಗೇ ಇಷ್ಟಾದರೆ ಕಣ್ಣಾರೆ ಕಂಡರೆ ಎಷ್ಟಾದೀತು ಎಂದು ಲೆಕ್ಕ ಹಾಕಿ, ಎರಡನೇ ಕನ್ನಡಿಯನ್ನು ಹಿತ್ತಲಿಗೆ ಒಯ್ದು ಸೀಬೆ ಮರಕ್ಕೆ ಒರಗಿಸಿ ಕಟ್ಟಿದಳು. ಈಗ ಕೋಣೆಯ ಕನ್ನಡಿಯಲ್ಲಿ ಹಿತ್ತಲಿನ ಕನ್ನಡಿ, ಅದರಲ್ಲಿ ಗೋಡೆಯ ಮೂಲೆ, ಮೂಲೆಯಲ್ಲಿ ಇನ್ಸ್‌ಪೆಕ್ಟರ್. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಬಗ್ಗಿ ನೋಡಿ, ಕನ್ನಡಿಯೊಳಗಿನ ಗಂಟು ಅಂತಾರಲ್ಲ, ನೀನು ಅದನ್ನೂ ಬಿಚ್ಚೋಳೇ ಬಿಡು ಎಂದು ನಕ್ಕಳು. ಹೊಲಿಗೆಯಕ್ಕನೂ ನಕ್ಕಳು.

ಮರುದಿನವೇ ಇನ್ಸ್‌ಪೆಕ್ಟರ್ ಕನ್ನಡಿಯೆದುರು ಇಳಿದ. ಬಾಲ ಎತ್ತಿದ, ಒಳಗಿನವನೂ ಎತ್ತಿದ. ಹಾರಿ ಕುಕ್ಕಿದ, ಒಳಗಿನವನೂ ಕುಕ್ಕಿದ. ಬೆಳಿಗ್ಗೆ ಶುರುವಾದದ್ದು ಬಿಸಿಲು ಇಳಿಯುವವರೆಗೆ. ಹೊಲಿಗೆಯಕ್ಕನಿಗೆ ಅದೊಂದು ಆಟ. ಹೆಣ್ಣುಮಕ್ಕಳೇನು ಬಂತು, ಗಂಡಸರಿಗೂ ಕನ್ನಡಿ ಬಿಟ್ಟು ಬರಲು ಆಗುವುದಿಲ್ಲ ನೋಡಿ ಎಂದು ಗಂಡನಿಗೆ ಚಟಾಕಿ ಹಾರಿಸಿದಳು.

ಗಂಡ ಮಾತ್ರ ಎಂದೂ ಇಲ್ಲದಷ್ಟು ಎಚ್ಚರಗೊಂಡಿದ್ದ. ಗಂಟಲಿನಿಂದ ಸದ್ದು ಹೊರಡಿಸಿದ. ಎಡಗೈಯಿಂದ ಮಂಚದ ಪಟ್ಟಿ ಬಡಿದ. ಎದೆಯ ಮೇಲಿದ್ದ ದಪ್ಪ ಬಟ್ಟೆಯನ್ನು ಹಿಡಿದೆಳೆದು ಅವಳ ಕಡೆ ಚಾಚಿದ. ಅವಳು ಬಾಯಿ ಒರೆಸಿದಳು. ಮತ್ತೆ ಚಾಚಿದ. ಸೆಕೆಯೇನೋ ಎಂದು ಬಟ್ಟೆ ತೆಗೆದಿಟ್ಟಳು. ಅದೇ ಬೇಕೆಂದು ಕೈ ಬಡಿದ, ಕೊಟ್ಟರೆ ಮತ್ತೆ ಅವಳ ಕಡೆಗೇ ಚಾಚಿದ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ಇದನ್ನು ಕಂಡು ಕಣ್ಣರಳಿಸಿದಳು. ಕ್ಷೌರ ಮಾಡುವವರಲ್ಲವೇ, ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತುವ ಅಭ್ಯಾಸ ಮರಳುತ್ತಿದೆ, ತುಂಬ ಒಳ್ಳೆಯ ಲಕ್ಷಣ, ಹೀಗೇ ಮಾಡಿಸಿ ಎಂದಳು. ಹೊಲಿಗೆಯಕ್ಕ ಅಂದಿನಿಂದ ದಿನಾ ಮಂಚದ ಪಕ್ಕ ನೆಲಕ್ಕೆ ಕೂತು, ಗಿರಾಕಿಯ ಹಾಗೆ ತಲೆ ಬಗ್ಗಿಸಿ ಕೊರಳು ಕೊಡತೊಡಗಿದಳು.

“ಹೊದಿಸ್ರೀ,” ಅನ್ನುತ್ತಿದ್ದಳು. “ನಿಮ್ಮ ಕೈಗೆ ಗೊತ್ತು.”

ಅವನು ಬಟ್ಟೆಯನ್ನು ಅವಳ ತಲೆಯ ಮೇಲಿಂದ ಕನ್ನಡಿಯ ಕಡೆಗೆ ಎಸೆಯಲು ನೋಡುತ್ತಿದ್ದ. ಬಲವಿಲ್ಲದ ಎಸೆತ, ಬಟ್ಟೆ ಅವಳ ಹೆಗಲ ಮೇಲೇ ಬೀಳುತ್ತಿತ್ತು. ಬಿದ್ದಾಗ ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು, ಆನಂದಕ್ಕೂ ಅಳು ಬರುತ್ತದಲ್ಲ ಎಂದು ತನ್ನ ಕಣ್ಣನ್ನೂ ಒರೆಸಿಕೊಂಡಳು. ಶಿಳ್ಳೆ ನಿಂತುಹೋಗಿದೆ ಎನ್ನುವುದು ಅವಳ ಗಮನಕ್ಕೆ ಬರದೆ ಇರಲಿಲ್ಲ. ಕೈ ಕಲಿಯುವಾಗ ಬಾಯಿ ಸ್ವಲ್ಪ ವಿಶ್ರಾಂತಿ ತಗೊಳ್ಳಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗೋಡೆಯ ಮೂಲೆಯ ಹಾಡೂ ನಿಂತಿತ್ತು. ಇನ್ಸ್‌ಪೆಕ್ಟರನಿಗೆ ಹಾಡಲು ಪುರುಸೊತ್ತಿರಲಿಲ್ಲ. ತಿನ್ನಲೂ ಇರಲಿಲ್ಲ. ಅವನ ಪಾಲಿನ ನುಚ್ಚನ್ನು ನಾದಿನಿ–ಅತ್ತಿಗೆ ಮುಗಿಸುತ್ತಿದ್ದರು.

ಬೇಸಿಗೆ ನೆತ್ತಿಗೇರಿದ ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದವಳಿಗೆ ಹಕ್ಕಿ ಕನ್ನಡಿಯ ಬುಡದಲ್ಲಿ ಸಿಕ್ಕಿತು. ಕಾಲು ಮೇಲಾಗಿ, ಕೊಕ್ಕು ಸ್ವಲ್ಪ ತೆರೆದು ಬಿದ್ದಿತ್ತು. ಇರುವೆ ಸಾಲು ಆಗಲೇ ಹತ್ತಿತ್ತು. ಕನ್ನಡಿಯ ಕೆಳಭಾಗದ ತುಂಬ ಕೊಕ್ಕಿನ ಗೀರು, ರೆಕ್ಕೆ ಒರೆಸಿದ ಕಲೆ. ಅಂಗೈ ಮೇಲೆ ಎತ್ತಿಕೊಂಡಳು, ಭಾರವೇ ಇರಲಿಲ್ಲ. ಗಂಡನಿಗೆ ಕಾಣಬಾರದೆಂದು ಸೆರಗಿನಲ್ಲಿ ಮುಚ್ಚಿಕೊಂಡು ಕಿಟಕಿಯತ್ತ ತಿರುಗಿದರೆ, ಒಳಗಿನ ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನೇ ನೋಡುತ್ತಿತ್ತು. ಎಲ್ಲವನ್ನೂ ಅವನು ಮೊದಲೇ ಕಂಡಿದ್ದ. ಬೆಳಗಿನಿಂದ ಬಟ್ಟೆ ಚಾಚಿ ಚಾಚಿ ಸೋತ ಕೈ ಮಂಚದಿಂದ ಕೆಳಗೆ ಜೋತಿತ್ತು.

ಆ ವಾರವೇ ಮೈದುನ ಅಣ್ಣನ ಗಡ್ಡ ಹೆರೆಯಲು ಬಂದ. ಬಿಸಿನೀರು ಚೆಲ್ಲಲು ಹಿತ್ತಲಿಗೆ ಹೋದವನು ಚೆಂಬು ಹಿಡಿದು ಅಲ್ಲೇ ನಿಂತ.

“ಅತ್ತಿಗೆ, ಈ ಕನ್ನಡೀನ ಬಟ್ಟೆ ಹಾಕ್ದೆ ಹೀಗೇ ಬಿಟ್ಟಿದ್ರಾ?”

ಧೂಳು ಒರೆಸಿದರಾಯಿತು ಬಿಡಪ್ಪ ಎಂದಳು ಅವಳು.

“ಧೂಳಿಗಲ್ಲ. ಅಂಗಡಿ ಖಾಲಿಯಾದ್ರೆ ಸಾಕು, ಗುಬ್ಬಿಗಳು ಒಳಗೆ ಬಂದು ಕನ್ನಡಿ ಜೊತೆ ಗುದ್ದಾಡೋವು. ಒಂದು ಸತ್ತೇ ಹೋಗಿತ್ತು. ಅವತ್ತಿಂದ ಅಣ್ಣ ಬಟ್ಟೆ ಹೊದಿಸದೆ ಊಟಕ್ಕೆ ಎದ್ದೋನೇ ಅಲ್ಲ. ನಾನು ಮರೆತ್ರೆ ಬೈತಾನೂ ಇರ್ಲಿಲ್ಲ. ಸುಮ್ನೆ ಬಟ್ಟೆ ತಗೊಂಡು ನನ್ನ ಕಡೆ ಚಾಚೋನು.”

ಹೊಲಿಗೆಯಕ್ಕ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಮೈದುನ ಏನಾಯಿತೆಂದು ಕೇಳುತ್ತಲೇ ಇದ್ದ. ಅವಳಿಗೆ ತಾನು ತಟ್ಟಿದ ಚಪ್ಪಾಳೆಗಳು ಒಂದೊಂದಾಗಿ ಕೇಳಿಸುತ್ತಿದ್ದವು. ಅವನು ಮಾತಾಡಿದ್ದ. ದಿನಾ ಮಾತಾಡಿದ್ದ. ಇಷ್ಟು ವರ್ಷ ಆ ಬಟ್ಟೆಗೆ ಅಂಚು ಹೊಲಿದವಳು ತಾನು, ಅದು ಯಾತಕ್ಕೆಂದು ಒಂದು ಮಾತು ಕೇಳಿರಲಿಲ್ಲ.

ಹಿತ್ತಲಿನ ಕನ್ನಡಿ ಅವತ್ತೇ ಮಂಚದ ಕೆಳಗೆ ಹೋಯಿತು. ಅವಳು ಅವನ ಕೈ ಹಿಡಿದು, ತಪ್ಪಾಯ್ತು ಕಣ್ರೀ, ಈಗ ಗೊತ್ತಾಯ್ತು ಎಂದು ಎಷ್ಟೋ ಸಲ ಹೇಳಿದಳು. ಹಿಡಿದ ಕೈ ಮರಳಿ ಹಿಡಿಯಲಿಲ್ಲ. ಮಳೆ ಬಂತು, ಹೋಯಿತು. ಡಾಕ್ಟರು ಹೇಳಿದ ವರ್ಷವೂ ಅದರ ಜೊತೆಗೇ ಹೋಯಿತು. ಫಿಸಿಯೋ ಮೇಡಂ ಬರುವುದನ್ನು ಕಡಿಮೆ ಮಾಡಿದಳು, ಆಮೇಲೆ ನಿಲ್ಲಿಸಿದಳು. ಚಳಿಯಲ್ಲಿ ಗುಬ್ಬಿಗಳು ಬಂದವು, ಜಿಪುಣನೂ ಬಂದ. ಅವಳು ನುಚ್ಚು ಹಾಕಿ ಹೆಸರು ಹೇಳಿದಳು. ಅವನ ಬಾಯಿಯ ತುದಿ ಅಲುಗಲಿಲ್ಲ.

ಬಿಸಿಲು ಏರುವ ಕಾಲಕ್ಕೆ ಮತ್ತೊಂದು ಕಪ್ಪು ಬಿಳುಪಿನ ಹಕ್ಕಿ ಬಂತು. ಖಾಲಿಯಾದ ಠಾಣೆ ಎಷ್ಟು ದಿನ ಖಾಲಿ ಇದ್ದೀತು? ಅದೇ ಗೋಡೆ, ಅದೇ ಮೂಲೆ, ಎತ್ತಿದ ಅದೇ ಬಾಲ. ಒಂದು ಬೆಳಿಗ್ಗೆ ಅದು ಬಾಯಿಬಿಟ್ಟು ಹಾಡಿದಾಗ ಹೊಲಿಗೆಯಕ್ಕ ಮಷೀನು ನಿಲ್ಲಿಸಿ, ಉಸಿರು ಬಿಗಿಹಿಡಿದು ಗಂಡನ ತುಟಿಯನ್ನೇ ನೋಡಿದಳು.

ಎಷ್ಟೋ ತಿಂಗಳ ಮೇಲೆ ಅವನ ಎಡಗೈ ಎದ್ದಿತು. ಎದೆಯ ಮೇಲಿನ ಬಟ್ಟೆಯನ್ನು ಹಿಡಿದು ಅವಳ ಕಡೆ ಚಾಚಿತು. ಅವನ ಕಣ್ಣು ಎದುರಿನ ಗೋಡೆಗೆ ಆನಿಸಿದ್ದ ಕನ್ನಡಿಯ ಮೇಲಿತ್ತು. ಈ ಸಲ ಅವಳಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

“ಇದೊಂದು ಇರ್ಲಿ ಕಣ್ರೀ,” ಅಂದಳು. “ಇದು ಒಳಗಿದೆ, ಇದರಿಂದ ಯಾವ ಹಕ್ಕೀಗೂ ಏನೂ ಆಗಲ್ಲ.”

ಕೈ ಚಾಚಿಯೇ ಇತ್ತು. ಅವಳು ಎದ್ದು ಬಟ್ಟೆ ತೆಗೆದುಕೊಂಡು ಕನ್ನಡಿಯ ಮೇಲೆ ಹೊದಿಸಿದಳು, ಅಂಗಡಿಯಲ್ಲಿ ಅವನು ಹೊದಿಸುತ್ತಿದ್ದಿರಬಹುದಾದ ಹಾಗೆ, ಅಂಚು ನೇರ ಬರುವಂತೆ. ತಿರುಗಿ ನೋಡಿದರೆ ಅವನ ಕೈ ಇಳಿದಿತ್ತು, ಬೋಳು ಗೋಡೆಯ ದಿನಗಳ ಹಾಗೆ ಅವನು ಮತ್ತೆ ಕಣ್ಣು ಮುಚ್ಚಿಕೊಂಡಿದ್ದ. ಹಕ್ಕಿ ಹಾಡಿ ಮುಗಿಸುವ ತನಕ ನಿಂತಿದ್ದು, ಅವಳು ಹೋಗಿ ಕಿಟಕಿಯನ್ನೂ ಹಾಕಿದಳು.