ಕಾವ್ಯನಾಮದ ಖಾತೆ

ಲೇಖಕರ ಸಂಘದ ನೆರವು ನಿಧಿಗೆ ಇಷ್ಟು ವರ್ಷ ಎಲ್ಲರೂ ಹಾಕಿದ್ದೇ ಹಾಕಿದ್ದು, ತೆಗೆದವರಿಲ್ಲ. ಕಾಯಿಲೆ ಬಿದ್ದ ಸದಸ್ಯರಿಗೆಂದೇ ಕೂಡಿಟ್ಟ ಹಣ. ಆದರೆ ಕೈಚಾಚಲು ಒಬ್ಬೊಬ್ಬರಿಗೂ ಮಾನ ಅಡ್ಡ ಬರುತ್ತಿತ್ತು. ಮೊದಲ ಸಲ ಬೇಕಾಗಿದ್ದು ಎಲ್ಲರ ಪುಸ್ತಕಗಳ ಕರಡು ತಿದ್ದುತ್ತಿದ್ದ ಹಿರಿಯರಿಗೆ. ಅದನ್ನೂ ಬಾಯಿಬಿಟ್ಟು ಕೇಳಿದವಳು ಮಗಳು. ಸಂಜೆಯೊಳಗೆ ಮುಂಗಡ ಕಟ್ಟಿದರೆ ನಾಳೆ ಹೃದಯದ ಆಪರೇಷನ್, ಇಲ್ಲವಾದರೆ ಸರದಿ ಬೇರೆಯವರಿಗೆ ಎಂದಿತ್ತು ಆಸ್ಪತ್ರೆ. ಸಾಲ ಹುಟ್ಟಬಹುದಾದ ಮನೆಗಳನ್ನೆಲ್ಲ ಅವಳು ಆಗಲೇ ಸುತ್ತಿ ಬಂದಿದ್ದಳು.

ಸಂಘದ ಖಜಾಂಚಿಯಾಗಿದ್ದ ಕಥೆಗಾರ್ತಿ ಅವಳನ್ನು ಕರೆದುಕೊಂಡು ಬ್ಯಾಂಕಿಗೆ ಬಂದರು. ಚೆಕ್ಕಿನ ಮೇಲೆ ಅವರದೊಂದು, ಅಧ್ಯಕ್ಷರದೊಂದು ಸಹಿ.

ಮ್ಯಾನೇಜರ್ ಚೆಕ್ಕನ್ನೂ ಗುರುತಿನ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಖಾತೇಲಿರೋ ಹೆಸರೇ ಬೇರೆ, ನಿಮ್ಮ ಹೆಸರೇ ಬೇರೆ ಇದೆಯಲ್ಲಮ್ಮ."

"ಅದು ನನ್ನ ಕಾವ್ಯನಾಮ."

"ಅಧ್ಯಕ್ಷರದು?"

"ಅದೂ ಅಷ್ಟೇ."

ಖಾತೆ ತೆರೆದ ದಿನ ಇಬ್ಬರಿಗೂ ಎಲ್ಲಿಲ್ಲದ ಹುರುಪು. ಲೇಖಕರ ಸಂಘಕ್ಕೆ ಮನೆಯ ಹೆಸರೇಕೆ, ಕಾವ್ಯನಾಮವೇ ಇರಲಿ ಎಂದು ಅಧ್ಯಕ್ಷರು ಮೀಸೆ ತಿರುವಿದ್ದರು. ಬ್ಯಾಂಕಿನ ಆಗಿನ ಗುಮಾಸ್ತ ಅವರ ಅಭಿಮಾನಿ. ಅರ್ಜಿಯನ್ನು ಕಣ್ಣಿಗೊತ್ತಿಕೊಂಡಿದ್ದನೇ ಹೊರತು ಓದಿರಲಿಲ್ಲ.

"ನಿಮ್ಮ ಕಥೆ ನಮ್ಮ ಮನೇಲೂ ಓದ್ತಾರೆ," ಎಂದ ಮ್ಯಾನೇಜರ್. "ಆದ್ರೆ ಈ ಹೆಸರಿನವರು ನಮ್ಮ ಲೆಕ್ಕದಲ್ಲಿ ಇಲ್ವೇ ಇಲ್ಲ. ಇಲ್ಲದೋರಿಗೆ ಹೇಗಮ್ಮ ದುಡ್ಡು ಕೊಡ್ಲಿ? ಸಭೆ ಸೇರಿಸಿ ಠರಾವು ಮಾಡ್ಕೊಂಡು ಬನ್ನಿ, ಹೆಸರು ಬದಲಾಯಿಸಿ ಕೊಡ್ತೀನಿ."

"ಸಭೆಗೆ ಹದಿನೈದು ದಿನ ಮುಂಚೆ ತಿಳಿಸ್ಬೇಕು."

"ಅದ್ಯಾರು ಮಾಡಿದ ನಿಯಮ?"

"ನಾವೇ."

ಹುಡುಗಿ ನಕ್ಕುಬಿಟ್ಟಳು. ನಗು ಅರ್ಧಕ್ಕೇ ನಿಂತಿತು.

"ಜೀವಮಾನವೆಲ್ಲ ನಿಮ್ಮೆಲ್ಲರ ತಪ್ಪು ತಿದ್ದಿದೋರು ಅಪ್ಪ. ಇದೊಂದನ್ನ ಅವರಿಗೆ ತೋರಿಸಲೇ ಇಲ್ವಲ್ಲ ಅತ್ತೆ ನೀವು!"

ಖಜಾಂಚಿ ಕಿವಿಯ ಓಲೆ ಮುಟ್ಟಿ ನೋಡಿಕೊಂಡರು. ಮಾರಿದರೆ ಔಷಧಿಯ ಖರ್ಚಿಗೂ ಆಗದು. ಅಧ್ಯಕ್ಷರಿಗೆ ಫೋನ್ ಹಚ್ಚಿದರು. "ನಾನು ಯಾರು ಅಂತ ಅವನಿಗೆ ಹೇಳಿದ್ರಾ?" ಎಂದರು ಅವರು.

"ಅದೇ ತೊಂದರೆ ಆಗಿರೋದು," ಎಂದು ಖಜಾಂಚಿ ಫೋನ್ ಇಟ್ಟರು.

ಹೊರಗೆ ಕಾವಲುಗಾರ ಅರ್ಧ ಬಾಗಿಲು ಎಳೆದಿದ್ದ. ಹುಡುಗಿಗೆ ಆಸ್ಪತ್ರೆಯಿಂದ ಕರೆ ಬಂತು. ಅವಳು ಗೋಡೆಯ ಕಡೆ ತಿರುಗಿ ನಿಂತು, "ಇಲ್ಲ," ಎಂದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಆಯ್ತು, ಸರದಿ ಅವರಿಗೇ ಕೊಡಿ."

"ಮತ್ತೆ ಯಾವಾಗಂತೆ?" ಎಂದು ಖಜಾಂಚಿ ಕೇಳಿದರು.

ಮ್ಯಾನೇಜರ್ ಎದ್ದು ಬಂದು ಎರಡು ಕುರ್ಚಿ ಎಳೆದು ಹಾಕಿದ. ಇಬ್ಬರೂ ಕೂತರು.