ಮೂಲ ಒಂದೇ

ತೌಲನಿಕ ನಿಘಂಟಿನ ಸಂಪಾದಕರಾದ ಪಂಡಿತರು ಬೆಳಗಿನ ಜಪ ಮುಗಿಸಿ ಅಳಿಯನ ಮುದ್ರಣಾಲಯಕ್ಕೆ ಬಂದಾಗ ಹೊಸ ಸಂಪುಟದ ಹಾಳೆಗಳೆಲ್ಲ ಅಚ್ಚಾಗಿ ಹೊಲಿಗೆಗೆ ಕಾದಿದ್ದವು. ಪುಟ ತಿರುವುತ್ತಿದ್ದವರ ಕೈ ‘ಕರ’ ಎಂಬಲ್ಲಿ ತಟ್ಟನೆ ನಿಂತಿತು.

ಸಂಸ್ಕೃತದಲ್ಲಿ ಕೈ, ಅಲ್ಲಿಯೇ ಮತ್ತೊಂದು ಧಾತುವಿನಿಂದ ಕಿರಣ, ತೆರಿಗೆ, ಹಳಗನ್ನಡದ ‘ಕರಂ’ ಎಂದರೆ ಬಹಳ, ತುರ್ಕಿಯಲ್ಲಿ ಕಪ್ಪು, ಜಪಾನೀ ನುಡಿಯಲ್ಲಿ ಬರಿದು. ದನಿ ಒಂದಾದರೂ ರಕ್ತಸಂಬಂಧವಿಲ್ಲದ ಈ ಪದಗಳಿಗೆ ಬೇರೆ ಬೇರೆ ಮನೆ ಕಟ್ಟಿಕೊಡಲು ಅವರು ಒಂದಿಡೀ ವರ್ಷ ಸವೆಸಿದ್ದರು. ಅಚ್ಚಿನಲ್ಲಿ ಎಲ್ಲವೂ ಒಂದೇ ಸೂರಿನಡಿ ಕುಳಿತಿದ್ದವು. ತಲೆಯ ಮೇಲೆ ‘ಮೂಲ ಒಂದೇ’ ಎಂಬ ಪಟ್ಟ ಬೇರೆ.

“ಇದನ್ನ ಯಾರು ಹೀಗೆ ಜೋಡಿಸಿದ್ದು?”

“ಪದಗಳ ಚೀಟಿಗಳು ಒಂದೇ ದಾರದಲ್ಲಿ ಬಂದಿದ್ವಲ್ಲ ಮಾವ,” ಎಂದ ಅಳಿಯ.

ಒಂದು ಮೂಲದ ಚೀಟಿಗಳಿಗೆ ಒಂದು ದಾರ ಕಟ್ಟುವ ಪದ್ಧತಿ ಪಂಡಿತರದೇ. ದಾರ ನೋಡಿಯೇ ಅಳಿಯ ಆ ತಲೆಬರಹ ಕೂಡಿಸುತ್ತಿದ್ದ.

“ಕಟ್ಟಿದ್ದು ನಾನು ಅಪ್ಪ,” ಎಂದಳು ಪಕ್ಕದ ಮೇಜಿನಿಂದ ಮಗಳು. “ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ವು. ಕಳೆದುಹೋಗಬಾರದು ಅಂತ ಸೇರಿಸಿಬಿಟ್ಟೆ.”

ಅಚ್ಚಿನ ಕರಡು ತಿದ್ದಲು ಬಂದ ವಾರ ಪಂಡಿತರು ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಯಾರನ್ನು ಬೈಯುವುದೆಂದು ತಿಳಿಯದೆ ಅವರ ಸಿಟ್ಟು ಒಳಗೊಳಗೇ ಕುದಿಯಿತು.

“ಈ ಹಾಳೆ ಮತ್ತೆ ಅಚ್ಚು ಹಾಕಿ.”

“ಆಗಲ್ಲ ಮಾವ. ನಿಘಂಟು ಹೊರತರೋ ಸಂಸ್ಥೆಯ ಅಧ್ಯಕ್ಷರಿಗೆ ಇದೇ ಹಿಡಿಸಿದೆ. ನಮ್ಮ ‘ಕರಿ’ಯೇ ತುರ್ಕಿಗೆ ಹೋಗಿ ‘ಕರ’ ಆಯ್ತು ಅಂತ ನಿನ್ನೆ ಭಾಷಣವನ್ನೂ ಬಿಗಿದಿದ್ದಾರೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.”

“ಎದ್ದವರಲ್ಲಿ ತುರ್ಕಿ ಬಲ್ಲವರೆಷ್ಟು?”

“ಕನ್ನಡ ಬಲ್ಲವರೇ ಕಡಿಮೆ ಬಿಡಿ,” ಎಂದಳು ಮಗಳು.

“ಕೊನೇಲಿ ಒಂದು ತಪ್ಪೊಪ್ಪುಗಳ ಪಟ್ಟಿ ಅಂಟಿಸೋಣ,” ಎಂದು ಅಳಿಯ ಸಮಾಧಾನ ಹೇಳಿದ.

“ಅದನ್ನ ಓದೋರು ನಾನೂ ದೇವರೂ ಇಬ್ಬರೇ.”

ಪದದ ಹುಟ್ಟಿನ ಬಗ್ಗೆ ಸುಳ್ಳಾಡುವುದು ಪಂಡಿತರ ಪಾಲಿಗೆ ವಾಗ್ದೇವಿಯ ಸನ್ನಿಧಿಯಲ್ಲಿ ಸುಳ್ಳು ಪ್ರಮಾಣ ಮಾಡಿದಂತೆ. ಅವರು ಹಾಳೆಯನ್ನು ಮೇಜಿನ ಮೇಲಿಟ್ಟು, “ಹಾಗಾದರೆ ಸಂಪಾದಕ ಅಂತ ಇರೋ ನನ್ನ ಹೆಸರು ತೆಗೀರಿ,” ಎಂದರು.

“ಅದಕ್ಕೂ ಶೀರ್ಷಿಕೆಯ ಹಾಳೆ ಮತ್ತೆ ಅಚ್ಚಾಗಬೇಕಲ್ಲ ಮಾವ.”

“ಅಂದಮೇಲೆ ಒಂದು ಹಾಳೆ ಹೇಗೂ ಅಚ್ಚಾಗಲೇಬೇಕು. ಯಾವುದು ಅಂತ ನಿಮ್ಮ ಅಧ್ಯಕ್ಷರನ್ನೇ ಕೇಳಿ.”

ಅಳಿಯ ಫೋನ್ ಹಿಡಿದು ಹೊರಗೆ ಹೋದ. ಇಷ್ಟು ವರ್ಷ ದುಡಿದವನ ಹೆಸರನ್ನು ಅಳಿಸುವ ಎದೆಗಾರಿಕೆ ಯಾರಿಗಿದೆ ಎಂಬ ಧೈರ್ಯದಲ್ಲಿ ಪಂಡಿತರು ಕಾಲು ಚಾಚಿ ಕುಳಿತರು. ಬಾಗಿಲಾಚೆಯಿಂದ “ಆಯ್ತು ಸಾರ್, ಆಯ್ತು ಸಾರ್” ಎಂಬುದಷ್ಟೇ ಕೇಳಿಸಿತು.

ಒಳಬಂದ ಅಳಿಯ ನೆಲ ನೋಡುತ್ತ ಹೇಳಿದ: “ಹೆಸರಿನ ಹಾಳೆಯನ್ನೇ ಬದಲಾಯಿಸಿ ಅಂದರು.”

ಮಗಳು ಎದ್ದು ಬಂದು ತಂದೆಯ ಹೆಗಲು ಮುಟ್ಟಿದಳು. ಪಂಡಿತರು ಕನ್ನಡಕವನ್ನು ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಆಗಲಿ,” ಎಂದರು ಕೊನೆಗೆ. “ಹೊಸ ಹಾಳೆಯ ಕರಡು ಮಾತ್ರ ನನಗೇ ತೋರಿಸಿ. ಅದರಲ್ಲಾದರೂ ತಪ್ಪಿರಬಾರದು.”