ಮಾರಪ್ಪನ ಎಡೆಗೆ ಮಿರ್ಚಿ

ನನ್ನ ಮಾವ ಮಾರಪ್ಪ ಸತ್ತ ಮೂರನೇ ದಿನ ಕಾಗೆ ಎಡೆ ಮುಟ್ಟಲಿಲ್ಲ. ಹಾಲುತುಪ್ಪಕ್ಕೆಂದು ರುದ್ರಭೂಮಿಗೆ ಹೋಗಿ, ಗುಂಡಿಯ ಹಸಿಮಣ್ಣಿನ ಮುಂದೆ ಬಾಳೆಎಲೆ ಹಾಸಿ, ಅನ್ನ, ಸಾರು, ಹೋಳಿಗೆ, ವಡೆ ಎಲ್ಲ ಬಡಿಸಿ ದೂರ ಸರಿದು ನಿಂತೆವು. ಬೇವಿನ ಮರದಲ್ಲಿ ಕಾಗೆಗಳಿಗೇನೂ ಬರವಿರಲಿಲ್ಲ. ಒಂದೂ ಇಳಿಯಲಿಲ್ಲ. ಬಿಸಿಲೇರಿತು, ನಿಂತವರ ಕಾಲು ಸೋತವು. ಕೊನೆಗೆ ಎಲೆ ಎತ್ತಿ ಹಸುವಿಗೆ ಹಾಕಿ ಮನೆಗೆ ಬಂದೆವು.

ನನ್ನ ಗಂಡನ ಅಕ್ಕ ಆಶಾರಾಣಿ ಗೇಟು ದಾಟುವ ಮೊದಲೇ ಬಾಯಿ ತೆರೆದಳು.

"ಅಪ್ಪಂಗೆ ತೃಪ್ತಿ ಇಲ್ಲ. ನಾಲ್ಗಿಗೆ ರುಚಿ ಅನ್ನೋದು ಕಾಣದಂಗೆ ಹೋತು ಜೀವ. ಈ ಮನ್ಯಾಗೆ ಉಂಡ್ರೂ ಒಂದೇ, ಉಪವಾಸ ಇದ್ರೂ ಒಂದೇ."

ಹೇಳಿದ್ದು ಗೋಡೆಗೆ, ಮುಟ್ಟಿಸಿದ್ದು ನನಗೆ. ಸರಸ್ವತಿ ನಗರದ ನಮ್ಮ ಇಡೀ ಬೀದಿಗೆ ಕೇಳಿಸಿತು. ನಮ್ಮಲ್ಲಿ ಕಾಗೆ ಎಡೆ ಮುಟ್ಟದಿದ್ದರೆ ತಪ್ಪು ಕಾಗೆಯದಲ್ಲ, ಸತ್ತವನದೂ ಅಲ್ಲ. ಅದು ನೇರವಾಗಿ ಅಡುಗೆಮನೆಗೆ ಬಂದು ಸೊಸೆಯ ಹೆಗಲೇರುತ್ತದೆ. ಹನ್ನೊಂದನೇ ದಿನ ಮತ್ತೆ ಎಡೆ ಇಡಬೇಕಿತ್ತು. ಅವತ್ತೂ ಕಾಗೆ ಬಾರದಿದ್ದರೆ, ಮಾವನನ್ನು ಉಪವಾಸ ಕೆಡವಿದವಳು ಎಂಬ ಹೆಸರು ನಾನು ಸಾಯುವವರೆಗೂ ನನಗೆ ಗಟ್ಟಿ.

ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವುದು ಪದ್ಧತಿ. ಕುಡಿಯುವವರ ಮನೆಯಲ್ಲಿ ಈ ಕೆಲಸ ಸಲೀಸು, ಒಂದು ಕ್ವಾರ್ಟರ್ ತಂದಿಟ್ಟರೆ ಮುಗಿಯಿತು. ನಮ್ಮ ಮಾವನಿಗೆ ಆ ಚಟ ಇರಲಿಲ್ಲ. ಅವನಿಗಿದ್ದದ್ದು ತಟ್ಟೆ ತಳ್ಳುವ ಚಟ. ನಾನು ಏನೇ ಬಡಿಸಲಿ, ಎರಡು ತುತ್ತು ತಿಂದು, "ಉಪ್ಪೇ ಇಲ್ಲ" ಎಂದು ತಟ್ಟೆಯನ್ನು ಮುಂದಕ್ಕೆ ನೂಕುತ್ತಿದ್ದ. ಟೋಪಿ ಹಾಕಿಕೊಂಡು ಹೊರಬಿದ್ದರೆ ಸಂಜೆಗೇ ಮನೆ. ಅವನಿಗೆ ಬಿ.ಪಿ. ಇತ್ತು. ಉಪ್ಪು, ಎಣ್ಣೆ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಕ್ಕೆ ತಲೆಯಾಡಿಸಿ ಬಂದವನು ನನ್ನ ಗಂಡ ದಿನೇಶ್. ಪಾಲಿಸಿದವಳು ನಾನು. ಬೈಸಿಕೊಂಡವಳೂ ನಾನೇ.

ಹೊರಗೆ ಏನು ತಿನ್ನುತ್ತಿದ್ದ, ಎಲ್ಲಿ ತಿನ್ನುತ್ತಿದ್ದ, ಹೆತ್ತ ಮಗನಿಗೂ ಗೊತ್ತಿರಲಿಲ್ಲ. ಪರವೂರಿನವರು ಕಾರು ನಿಲ್ಲಿಸಿ ಫೋಟೊ ಹೊಡೆದುಕೊಳ್ಳುವ ಬೆಣ್ಣೆದೋಸೆ ಹೋಟೆಲುಗಳನ್ನು ಕಂಡರೆ ಮಾತ್ರ ಅವನು ಥೂ ಎನ್ನುತ್ತಿದ್ದ. ಅಷ್ಟೇ ನಮಗಿದ್ದ ಸುಳಿವು.

ಹತ್ತನೇ ದಿನ ಬೆಳಗ್ಗೆ ದಿನೇಶ್‌ನನ್ನು ಎಳೆದುಕೊಂಡು ಮಂಡಿಪೇಟೆಗೆ ಹೋದೆ. ಮಾವ ಗುಮಾಸ್ತನಾಗಿದ್ದ ಬೆಲ್ಲದ ಅಂಗಡಿಯಲ್ಲಿ ಕೇಳಿದಾಗ ಹಿಂದಿನ ಓಣಿಗೆ ಕೈ ತೋರಿಸಿದರು. ಮದುವೆಯಾಗಿ ಬಂದಾಗಿನಿಂದ ಸಂತೆ ಸಾಮಾನಿಗೆಂದು ಎಷ್ಟು ಸಲ ಆ ಪೇಟೆ ತಿರುಗಿದ್ದೆನೋ, ಆ ಓಣಿ ಕಣ್ಣಿಗೆ ಬಿದ್ದಿರಲಿಲ್ಲ. ಎರಡು ಗೋದಾಮುಗಳ ನಡುವೆ ತಗಡಿನ ಮಾಡು, ಕೆಳಗೆ ಸೌದೆ ಒಲೆ. ಬೋರ್ಡಿಲ್ಲ, ಕುರ್ಚಿಯಿಲ್ಲ. ಹಮಾಲರು ನಿಂತೇ ದೋಸೆ ತಿನ್ನುತ್ತಿದ್ದರು. ದಿನೇಶ್ ಅಪ್ಪನ ಹೆಸರು ಹೇಳಿದ್ದೇ ತಡ, ಕಾವಲಿಯ ಮುಂದಿದ್ದ ಸೂರಪ್ಪ ಸೌಟು ಕೆಳಗಿಟ್ಟ.

"ಮಾರಪ್ಪನೋರು ಹೋದ್ರಾ? ಅಯ್ಯೋ ಶಿವನೇ! ಪಾಪ, ಹಸ್ಕಂಡು ಬರ್ತಿದ್ರು." ಆಮೇಲೆ ನನ್ನ ಕಡೆ ತಿರುಗಿದ. "ನೀವೇನ್ರಿ ಆ ಸೊಸಿ?"

"ಯಾವ ಸೊಸಿ?" ಎಂದೆ.

"ಅದೇ, ಡಬ್ಬಿಗೆ ಬೀಗ ಹಾಕೋ ಸೊಸಿ. ತಂಗಳನ್ನ ಮಾವಂಗೆ ಹಾಕಿ, ತಾನು ಬಿಸಿಬಿಸಿ ಉಪ್ಪಿಟ್ಟು ತಿನ್ನೋ ಸೊಸಿ. ಅವ್ರು ಹೇಳ್ಕಂಡು ಕಣ್ಣೀರು ಹಾಕ್ತಿದ್ರು ಕಣ್ರಿ. ನನಗೆ ತಡಿಯಕಾಗ್ದೆ ಇನ್ನೊಂದು ಮುದ್ದಿ ಬೆಣ್ಣಿ ಹಾಕಿ ಕೊಡ್ತಿದ್ದೆ."

ಹಮಾಲರು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಮ್ಮ ಮನೆಯ ಯಾವ ಡಬ್ಬಿಗೂ ಬೀಗ ಹಾಕುವ ಕೊಂಡಿಯೇ ಇಲ್ಲ. ಮುದುಕ ನನ್ನ ಹೆಸರು ಮಾರಿ ದೋಸೆಗೆ ಹೆಚ್ಚಿನ ಬೆಣ್ಣೆ ಹಾಕಿಸಿಕೊಂಡಿದ್ದ!

"ಅವ್ರಿಗೆ ಬಿ.ಪಿ. ಇತ್ತು. ಡಾಕ್ಟ್ರೇ ಹೇಳಿದ್ರು. ಬೇಕಾದ್ರೆ ಇವ್ರನ್ನ ಕೇಳ್ರಿ," ಎಂದು ಗಂಡನನ್ನು ತೋರಿಸಿದೆ. ದಿನೇಶ್ ಗೋದಾಮಿನ ಶಟರ್ ನೋಡುತ್ತ ನಿಂತಿದ್ದ, ಅದರ ಮೇಲೆ ಅವನ ಹಣೆಬರಹ ಬರೆದಿದೆಯೇನೋ ಎಂಬಂತೆ.

ಸೂರಪ್ಪ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಎಡೆಗೆ ದೋಸೆ ಇಡಬೇಡಿ, ಆರಿದರೆ ಮಾರಪ್ಪನಿಗೆ ಆಗುತ್ತಿರಲಿಲ್ಲ, ಅವರ ಜೀವ ಇದ್ದದ್ದು ಭಾನುವಳ್ಳಿಯ ಹೊನ್ನಕ್ಕನ ಮಿರ್ಚಿಯ ಮೇಲೆ ಎಂದ. ಅದನ್ನೂ ದಿನೇಶ್‌ಗೇ ಹೇಳಿದ.

ಹರಿಹರಕ್ಕೆ ಹೋಗಿ ಭಾನುವಳ್ಳಿ ಬಸ್ಸಿಗೆ ಕಾದೆವು. ಮುದುಕ ಮೊಣಕಾಲು ನೋವೆಂದು ನಮ್ಮ ಬೀದಿಯ ಪಡಿತರ ಅಂಗಡಿಗೂ ಹೋಗುತ್ತಿರಲಿಲ್ಲ. ಮಿರ್ಚಿ ತಿನ್ನಲು ಎರಡು ಬಸ್ಸು ಹತ್ತಿ ಹರಿಹರ ದಾಟಿ ಬರುತ್ತಿದ್ದ!

"ನಿಮ್ಮಪ್ಪ ಊರ ತುಂಬ ನನ್ನ ಮಾನ ಕಳ್ದಾರಲ್ರೀ," ಎಂದೆ.

"ಸತ್ತೋರ ಬಗ್ಗೆ ಯಾಕ ಬಿಡು," ಎಂದ. ಬದುಕಿದ್ದವಳ ಬಗ್ಗೆ ಅವನಿಗೆ ಒಂದು ಮಾತೂ ಇರಲಿಲ್ಲ.

ಹೊನ್ನಕ್ಕನ ಅಂಗಡಿ ಊರಾಚೆ, ಗದ್ದೆಗೆ ನೀರು ಹರಿಯುವ ಚಾನಲ್ಲಿನ ಏರಿಯ ಮೇಲೆ. ಅಂಗಡಿ ಎನ್ನುವುದಕ್ಕಿಂತ ಜಾಲಿಗಿಡದ ನೆರಳಿಗೆ ಕಟ್ಟಿದ ಟಾರ್ಪಾಲು. ಗದ್ದೆ ಕೆಲಸ ಮುಗಿಸಿ ಬಂದವರು ಕಲ್ಲಿನ ಮೇಲೆ ಕುಳಿತು ಪೇಪರಿನಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದರು. ಹೊನ್ನಕ್ಕ ಮೆಣಸಿನಕಾಯಿ ಸೀಳಿ, ಒಳಗೆ ಹುಣಸೆಹಣ್ಣು, ಓಂಕಾಳು, ಉಪ್ಪು ಕುಟ್ಟಿದ ಗೊಜ್ಜು ಸವರಿ, ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದಳು. ಮಾವ ತೀರಿಕೊಂಡ ಸುದ್ದಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಗೇ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇದ್ದಾಗ ಒಂದು ತುತ್ತು ನೆಟ್ಟಗೆ ಹಾಕ್ಲಿಲ್ಲ. ಈಗ ಕಾಗಿಗೆ ಹಾಕಕೆ ಬಂದಾಳೆ."

"ನೋಡಮ್ಮ, ಅವ್ರಿಗೆ ಬಿ.ಪಿ. ಇತ್ತು."

"ಬಿ.ಪಿ. ಇದ್ದೋರು ದಿನಾ ಬಂದು ನನ್ನ ಮಿರ್ಚಿ ತಿಂತಿದ್ರೇನು? ಸುಳ್ಳು ಹೇಳಿದ್ರೂ ಹೊಂದಂಗೆ ಹೇಳು ತಾಯಿ."

ಕಲ್ಲಿನ ಮೇಲಿದ್ದವರು ನಕ್ಕರು. ಹೊನ್ನಕ್ಕ ದಿನೇಶ್‌ನ ಕಡೆ ತಿರುಗಿ ದನಿ ಇಳಿಸಿದಳು.

"ನಾಳೆ ಬೆಳಗ್ಗೆ ಬಾರಪ್ಪ ತಮ್ಮ. ಅಜ್ಜನ ಎಡಿಗೆ ಅಂತ ಬಿಸಿದು ಮಾಡಿ ಕೊಡ್ತೀನಿ. ಈಕಿನ್ನ ಕರ್ಕಂಡು ಬರಬ್ಯಾಡ."

ನನ್ನ ಗಂಡ, "ಆತಕ್ಕ," ಎಂದ.

ಹನ್ನೊಂದನೇ ದಿನ ಅದೇ ಬೇವಿನ ಮರ, ಅದೇ ಜನ. ಎಲೆಯ ನಡುವೆ ಹೊನ್ನಕ್ಕನ ಮಿರ್ಚಿ, ಸುತ್ತ ನನ್ನ ಅಡುಗೆ. ಕಾಗೆಗಳು ಕೊಂಬೆಯಿಂದ ಕೊಂಬೆಗೆ ಹಾರಿದವು, ಕೂಗಿದವು, ಕೆಳಗೆ ಬರಲಿಲ್ಲ. ಹೀಗಾದಾಗ ಸತ್ತವರನ್ನು ಕೂಗಿ ಮಾತು ಕೊಡುವುದು ರೂಢಿ, ಅವರ ಮನಸ್ಸಿನಲ್ಲಿ ಉಳಿದದ್ದನ್ನು ನಡೆಸಿಕೊಡುತ್ತೇವೆಂದು. ದಿನೇಶ್ ಕೈ ಮುಗಿದು, ಸಮಾಧಿಗೆ ಕಲ್ಲು ಕಟ್ಟಿಸುತ್ತೇನೆ ಎಂದ. ಕಾಗೆ ಬರಲಿಲ್ಲ. ಆಶಾರಾಣಿ, ಪ್ರತಿ ಅಮಾವಾಸ್ಯೆಗೆ ಬಂದು ಪೂಜೆ ಮಾಡುತ್ತೇನೆ ಎಂದಳು. ಬರಲಿಲ್ಲ.

"ಇನ್ನು ಹೇಳಬೇಕಾದೋಳು ಹೇಳ್ಲಿ," ಎಂದು ಆಶಾರಾಣಿ ನನ್ನ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ನೂಕಿದಳು. "ತಪ್ಪಾತು ಮಾವ, ನಿಮ್ಮ ಹೊಟ್ಟಿ ಉರಿಸಿದೆ, ಕ್ಷಮಿಸ್ರಿ ಅನ್ನು. ಎಲ್ರಿಗೂ ಕೇಳಂಗೆ ಅನ್ನು."

"ನಾನ್ಯಾಕೆ ಅನ್ಲಿ ಆಶಕ್ಕ? ಡಾಕ್ಟ್ರು ಏನಂದ್ರು ಅಂತ ನಿಮ್ಮ ತಮ್ಮನ್ನ ಕೇಳ್ರಿ."

ಎಲ್ಲರೂ ದಿನೇಶ್‌ನನ್ನು ನೋಡಿದರು. ಒಂದೇ ಒಂದು ಮಾತು ಸಾಕಿತ್ತು. ಅವನು ನೆಲ ನೋಡಿದ.

"ಅಂದುಬಿಡು ಭವ್ಯಾ. ಜನ ಹಸ್ದು ನಿಂತಾರೆ."

ನಾನು ಎಲೆಯ ಮುಂದೆ ಹೋಗಿ ಕುಳಿತೆ. ಕ್ಷಮೆ ಕೇಳುತ್ತಾಳೆಂದು ಹಿಂದಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಕೈ ಮುಗಿಯಲಿಲ್ಲ. ಎಲೆಯಿಂದ ಒಂದು ಮಿರ್ಚಿ ಎತ್ತಿಕೊಂಡು ಕಚ್ಚಿದೆ.

"ಅಯ್ಯಯ್ಯೋ! ಎಡೀಗೆ ಕೈ ಹಾಕಿದ್ಲು! ಕಾಗಿ ಮುಟ್ಟಾಕಿಂತ ಮುಂಚೆ!" ಎಂದು ಆಶಾರಾಣಿ ಕಿರುಚಿದಳು.

ಹೊರಗೆ ಗರಿಗರಿ, ಒಳಗೆ ಹುಳಿ, ಆಮೇಲೆ ಉಪ್ಪು. ಎಂಥ ಉಪ್ಪು! ನಾಲಿಗೆ ಅದನ್ನು ಮರೆತೇಬಿಟ್ಟಿತ್ತು. ಒಂದೇ ಒಲೆಯಲ್ಲಿ ಎರಡು ಅಡುಗೆ ಬೇಡವೆಂದು ವರ್ಷಗಟ್ಟಲೆ ಮಾವನ ಸಪ್ಪೆ ಸಾರನ್ನೇ ನಾನೂ ಉಂಡಿದ್ದೆ. ದಿನೇಶ್ ಕಚೇರಿಯ ಕ್ಯಾಂಟೀನಿನಲ್ಲಿ ತಿನ್ನುತ್ತಿದ್ದ, ಮುದುಕ ಚಾನಲ್ ಏರಿಯ ಮೇಲೆ. ಆ ಮನೆಯಲ್ಲಿ ಅವನ ಬಿ.ಪಿ.ಗೆ ಪಥ್ಯ ಮಾಡಿದವಳು ನಾನೊಬ್ಬಳೇ. ಅದು ಹೊಳೆದಾಗ ನನಗೆ ಅಳು ಬರಲಿಲ್ಲ, ಹಸಿವಾಯಿತು. ಇನ್ನೊಂದು ಮಿರ್ಚಿ ತೆಗೆದುಕೊಂಡೆ, ಹೋಳಿಗೆಯನ್ನೂ ಎಳೆದುಕೊಂಡೆ.

ದಿನೇಶ್ ಓಡಿ ಬಂದು ನನ್ನ ರಟ್ಟೆ ಹಿಡಿದ. "ಏಳು! ಮಾನ ತೆಗೀಬ್ಯಾಡ. ಜನ ಏನಂತಾರೆ?"

ಅವನ ಕೈ ಕೊಡವಿ, ಬಾಯಲ್ಲಿದ್ದದ್ದನ್ನು ನುಂಗಿ, ನಿಂತವರ ಕಡೆ ತಿರುಗಿದೆ.

"ಹೋಗಿ ಊರಿಗೆಲ್ಲ ಹೇಳ್ರಿ, ಮಾವನ ಅನ್ನ ಸೊಸಿ ತಿಂದ್ಲು ಅಂತ. ಈ ಸಲ ನಿಜ ಐತೆ."